ಬೆಲೆ ಇಳಿಯಿತೋ, ಇಳಿಸಲಾಯಿತೋ? ಮೌಲ್ಯ ಕಳೆಯುವ ಕ್ರಿಯಾಪದಗಳ ಒಳಲೆಕ್ಕ

ಕಲಬುರಗಿ: ತೊಗರಿ ದರ ಕುಸಿತ, ರೂಪಾಯಿ ಅಪಮೌಲ್ಯ, ವಾಹನದ ಸವಕಳಿ, ನೋಟು ಅಮಾನ್ಯ, ಹಣದುಬ್ಬರ. ಸುದ್ದಿ ಓದುವವರಿಗೆ ಈ ಐದೂ ಪದಗಳು ಚಿರಪರಿಚಿತ. ಯಾವುದೋ ಒಂದು ವಸ್ತು ತನ್ನ ಬೆಲೆಯನ್ನು ಕಳೆದುಕೊಂಡಿದೆ ಎಂಬಷ್ಟು ಅರ್ಥ ಶೀರ್ಷಿಕೆ ನೋಡಿದ ಕೂಡಲೇ ಹೊಳೆಯುತ್ತದೆ. ಆದರೆ ಆ ಬೆಲೆ ತಾನಾಗಿಯೇ ಇಳಿಯಿತೇ, ಯಾರಾದರೂ ಇಳಿಸಿದರೇ, ನಿಜಕ್ಕೂ ಇಳಿದಿದೆಯೇ ಎಂಬ ಪ್ರಶ್ನೆಗಳಿಗೆ ಶೀರ್ಷಿಕೆ ಉತ್ತರಿಸುವುದಿಲ್ಲ. ಉತ್ತರ ತಿಳಿಯದಿದ್ದರೆ ಪರಿಹಾರವನ್ನು ಎಲ್ಲಿ ಕೇಳಬೇಕೆಂಬುದೂ ತಿಳಿಯುವುದಿಲ್ಲ. ತೊಗರಿ ಬೆಳೆಗಾರನಿಗೆ, ವಿಮೆಯ ಹಣಕ್ಕೆ ಕಾದಿರುವ ವಾಹನ ಮಾಲೀಕನಿಗೆ, ಪಿಂಚಣಿಯನ್ನೇ ನಂಬಿದ ನಿವೃತ್ತ ನೌಕರನಿಗೆ ಇದು ಬರೀ ವ್ಯಾಕರಣದ ಮಾತಲ್ಲ, ಕಿಸೆಯ ಮಾತು.

ತೊಗರಿಯ ಕಣಜವೆಂದೇ ಹೆಸರಾದ ಕಲಬುರಗಿ ಈ ಚರ್ಚೆಗೆ ತಕ್ಕ ನೆಲ. ಇಲ್ಲಿನ ನೆಹರೂ ಗಂಜ್‌ನಲ್ಲಿ ದಿನ ಬೆಳಗಾದರೆ ಬೆಲೆಯ ಏರಿಳಿತದ ಮಾತು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಎರಡು ಬಗೆಯ ರೂಪಾಯಿಗಳ ಲೆಕ್ಕವನ್ನು ಏಕಕಾಲಕ್ಕೆ ಇಟ್ಟ ಊರು ಇದು. ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಬೆರೆತ ಇಲ್ಲಿನ ವ್ಯಾಪಾರದ ಮಾತಿನಲ್ಲಿ ನಷ್ಟವನ್ನು ಸೂಚಿಸಲು ಲುಕ್ಸಾನು, ಘಾಟಾ, ಖೋತಾ, ಮಂದಿ ಎಂಬ ಪದಗಳು ಸಾಲಾಗಿ ಸಿಗುತ್ತವೆ. ಇವು ಒಂದಕ್ಕೊಂದು ಸಮಾನಾರ್ಥಕವಲ್ಲ. ಲುಕ್ಸಾನು ಎಂದರೆ ಆದ ನಷ್ಟ. ಖೋತಾ ಎಂದರೆ ಬರಬೇಕಾದುದರಲ್ಲಿ ಬಿದ್ದ ಕೊರತೆ ಅಥವಾ ಕಡಿತ. ಮಂದಿ ಎಂದರೆ ಕೊಳ್ಳುವವರಿಲ್ಲದ ಸ್ಥಿತಿ.

ಜೋಡಿ ಕ್ರಿಯಾಪದಗಳ ಬಲ

ಬೆಲೆಯ ಇಳಿಕೆಯನ್ನು ಹೇಳುವ ಕನ್ನಡದ ಕ್ರಿಯಾಪದಗಳು ಬಹುಪಾಲು ಜೋಡಿಯಾಗಿ ಬರುತ್ತವೆ. ಇಳಿ ಮತ್ತು ಇಳಿಸು, ತಗ್ಗು ಮತ್ತು ತಗ್ಗಿಸು, ಕುಗ್ಗು ಮತ್ತು ಕುಗ್ಗಿಸು, ಕರಗು ಮತ್ತು ಕರಗಿಸು, ಸವೆ ಮತ್ತು ಸವೆಸು. ಮೊದಲನೆಯದು ತಾನಾಗಿ ಆದದ್ದು. ಎರಡನೆಯದು ಯಾರೋ ಮಾಡಿದ್ದು. 'ಇಸು' ಎಂಬ ಪುಟ್ಟ ಪ್ರತ್ಯಯ ಸೇರಿದ ಕೂಡಲೇ ವಾಕ್ಯ ಕರ್ತೃವನ್ನು ಬೇಡುತ್ತದೆ. 'ದರ ಇಳಿಯಿತು' ಎಂದರೆ ಅಲ್ಲಿಗೆ ಮಾತು ಮುಗಿಯಿತು. 'ದರ ಇಳಿಸಿದರು' ಎಂದರೆ 'ಯಾರು?' ಎಂಬ ಪ್ರಶ್ನೆ ತಕ್ಷಣ ಏಳುತ್ತದೆ.

ಆಡುಮಾತು ಈ ಭೇದವನ್ನು ಬಿಟ್ಟುಕೊಟ್ಟಿಲ್ಲ. ಕಲಬುರಗಿ ಭಾಗದ ರೈತ 'ರೇಟ್ ಬಿದ್ದದ' ಎನ್ನುವುದಕ್ಕೂ 'ರೇಟ್ ಕೆಡವ್ಯಾರ' ಎನ್ನುವುದಕ್ಕೂ ಅಜಗಜಾಂತರವಿದೆ. ಮೊದಲನೆಯದು ಮಾರುಕಟ್ಟೆಯ ವರದಿ, ಎರಡನೆಯದು ದೂರು. ಸುದ್ದಿಭಾಷೆ ಮಾತ್ರ ಕ್ರಿಯಾಪದವನ್ನು ಕೈಬಿಟ್ಟು ನಾಮಪದವನ್ನು ಹಿಡಿದುಕೊಂಡಿದೆ. ಕುಸಿತ, ಇಳಿಕೆ, ಅಪಮೌಲ್ಯ ಎಂಬ ಪದಗಳಲ್ಲಿ ಕರ್ತೃವಿಗೆ ಜಾಗವೇ ಇಲ್ಲ. ಅದರಲ್ಲೂ 'ಕುಸಿ' ಎಂಬ ಧಾತುವಿಗೆ ಬಳಕೆಯಲ್ಲಿರುವ 'ಇಸು' ರೂಪವೇ ಇಲ್ಲವೆನ್ನಬಹುದು. ಗೋಡೆ ಕುಸಿಯುತ್ತದೆ, ಗುಡ್ಡ ಕುಸಿಯುತ್ತದೆ. ಹೀಗಾಗಿ 'ದರ ಕುಸಿತ' ಎಂದು ಬರೆದಾಗಲೆಲ್ಲ ಅದು ಮಳೆಗಾಲದ ಗುಡ್ಡದಂತೆ ಯಾರ ಹೊಣೆಯೂ ಇಲ್ಲದೆ ಸಂಭವಿಸಿದ ಅನಾಹುತವಾಗಿ ಕಾಣುತ್ತದೆ.

ಸ್ಪ್ಯಾನಿಷ್‌ನ 'ಸೆ', ಕನ್ನಡದ 'ಕೊಳ್ಳು'

ಕರ್ತೃ ಮರೆಯಾಗುವ ಈ ಸಮಸ್ಯೆ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಹಣದ ಮೌಲ್ಯ ಪದೇ ಪದೇ ಕರಗಿದ ಅನುಭವವುಳ್ಳ ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್ ಭಾಷೆಯಲ್ಲೂ ಇದೇ ತೊಡಕಿದೆ. ಸ್ಪ್ಯಾನಿಷ್‌ನಲ್ಲಿ 'ದೆವಲ್ವಾರ್' ಎಂದರೆ ಅಪಮೌಲ್ಯಗೊಳಿಸು. ಅದಕ್ಕೆ 'ಸೆ' ಸೇರಿಸಿದರೆ 'ದೆವಲ್ವಾರ್ಸೆ', ಅಂದರೆ ಮೌಲ್ಯ ಕಳೆದುಕೊಳ್ಳು. 'ದೆಪ್ರೆಸಿಯಾರ್' ಎಂದರೆ ಬೆಲೆ ತಗ್ಗಿಸು. 'ದೆಪ್ರೆಸಿಯಾರ್ಸೆ' ಎಂದರೆ ಬೆಲೆ ತಗ್ಗು. ಇಂಗ್ಲಿಷ್‌ನ ಡಿವ್ಯಾಲ್ಯೂ ಎಂಬ ಕ್ರಿಯಾಪದ ಸಾಮಾನ್ಯವಾಗಿ ಕರ್ತೃವನ್ನು ಬೇಡುತ್ತದೆ. ಡಿಪ್ರಿಸಿಯೇಟ್ ಮಾತ್ರ ಎರಡೂ ಬಗೆಯಲ್ಲಿ ನಡೆಯುತ್ತದೆ.

ಕನ್ನಡದಲ್ಲಿ 'ಸೆ' ಮಾಡುವ ಕೆಲಸವನ್ನು 'ಕೊಳ್ಳು' ಮಾಡುತ್ತದೆ. ಕಳೆ ಎಂಬುದು ಕಳೆದುಕೊಳ್ಳು ಆದಾಗ ಕ್ರಿಯೆಯ ಫಲ ಮಾಡಿದವನಿಗೇ ತಿರುಗುತ್ತದೆ. 'ಮೌಲ್ಯ ಕಳೆದುಕೊಂಡ ರೂಪಾಯಿ' ಎಂಬ ವಾಕ್ಯ ರೂಪಾಯಿಯೇ ಎಲ್ಲೋ ತನ್ನ ಮೌಲ್ಯವನ್ನು ಬೀಳಿಸಿಕೊಂಡು ಬಂತೇನೋ ಎಂಬ ಭಾವನೆ ಮೂಡಿಸುತ್ತದೆ.

ಅರ್ಜೆಂಟೀನಾದ ಉದಾಹರಣೆ ನೋಡಬಹುದು. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಹೊಸ ಸರ್ಕಾರ ಡಾಲರ್‌ನ ಅಧಿಕೃತ ದರವನ್ನು ಸುಮಾರು 366 ಪೆಸೊದಿಂದ 800 ಪೆಸೊಗೆ ಒಂದೇ ಏಟಿಗೆ ಏರಿಸಿತು. ಪೆಸೊ ತನ್ನ ಮೌಲ್ಯದ ಶೇ 54ರಷ್ಟನ್ನು ಕಳೆದುಕೊಂಡಿತು. ಅದು ಸ್ಪಷ್ಟವಾಗಿ ಸರ್ಕಾರ ಕೈಯಾರೆ ಮಾಡಿದ ಕೆಲಸ. ಆದರೂ ಅದನ್ನು 'ಸೆ' ಸೇರಿಸಿ ಹೇಳಿದರೆ ಸ್ಪ್ಯಾನಿಷ್ ವ್ಯಾಕರಣ ತಪ್ಪೆನ್ನುವುದಿಲ್ಲ. ಸರ್ಕಾರ ಮಾತ್ರ ವಾಕ್ಯದಿಂದ ಹೊರಗುಳಿಯುತ್ತದೆ.

ಸ್ಪ್ಯಾನಿಷ್‌ನ ಇನ್ನೂ ಮೂರು ಕ್ರಿಯಾಪದಗಳು ಗಂಜ್‌ನ ವ್ಯವಹಾರ ಬಲ್ಲವರಿಗೆ ಥಟ್ಟನೆ ಅರ್ಥವಾಗುವಂಥವು. 'ಅಬರತಾರ್' ಎಂದರೆ ಅಗ್ಗವಾಗಿಸು. 'ಮೆರ್ಮಾರ್' ಎಂದರೆ ಪ್ರಮಾಣದಲ್ಲಿ ಕುಂದು. ಒಣಗಿ, ಸೋರಿ, ಕೆಟ್ಟು ಸರಕು ಕಡಿಮೆಯಾಗುವುದಕ್ಕೆ ಈ ಪದ. 'ಮಲ್ಬರತಾರ್' ಎಂದರೆ ಸಿಕ್ಕಿದ ಬೆಲೆಗೆ ಮಾರಿ ಹಾಳುಮಾಡು. ಸಾಲದ ಕಂತು ಬಾಗಿಲಿಗೆ ಬಂದಾಗ ಸುಗ್ಗಿಯಲ್ಲೇ ರಾಶಿಯನ್ನು ಮಾರಿಬಿಡುವ ರೈತನ ಸ್ಥಿತಿಯನ್ನು ಆ ಭಾಷೆ ಒಂದೇ ಕ್ರಿಯಾಪದದಲ್ಲಿ ಹಿಡಿದಿಟ್ಟಿದೆ.

ರೂಪಾಯಿ: ಇಳಿಸಿದ್ದು ಯಾವಾಗ, ಇಳಿದದ್ದು ಯಾವಾಗ?

ಅಪಮೌಲ್ಯ ಎಂಬ ಪದಕ್ಕೆ ಅರ್ಥಶಾಸ್ತ್ರದಲ್ಲಿ ಖಚಿತ ಅರ್ಥವಿದೆ. ವಿನಿಮಯ ದರವನ್ನು ಸರ್ಕಾರವೋ ಕೇಂದ್ರ ಬ್ಯಾಂಕೋ ನಿಗದಿಪಡಿಸುವ ವ್ಯವಸ್ಥೆಯಲ್ಲಿ, ಆ ದರವನ್ನು ಅಧಿಕೃತ ನಿರ್ಧಾರದ ಮೂಲಕ ತಗ್ಗಿಸುವುದೇ ಅಪಮೌಲ್ಯ. ಸ್ವತಂತ್ರ ಭಾರತದಲ್ಲಿ ಹೀಗೆ ಮೂರು ಬಾರಿ ನಡೆದಿದೆ. 1949ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಪೌಂಡ್ ಜೊತೆಗೇ ರೂಪಾಯಿಯನ್ನೂ ಇಳಿಸಲಾಯಿತು. 1966ರ ಜೂನ್ 6ರಂದು ಇಂದಿರಾ ಗಾಂಧಿ ಪ್ರಧಾನಿಯಾಗಿದ್ದಾಗ ಡಾಲರ್ ದರವನ್ನು 4.76 ರೂಪಾಯಿಯಿಂದ 7.50 ರೂಪಾಯಿಗೆ ಬದಲಿಸಲಾಯಿತು. 1991ರ ಜುಲೈ 1 ಮತ್ತು 3ರಂದು, ಮನಮೋಹನ ಸಿಂಗ್ ಅರ್ಥ ಸಚಿವರಾಗಿದ್ದಾಗ, ಎರಡು ಹಂತಗಳಲ್ಲಿ ಡಾಲರ್ ದರ ಸುಮಾರು 21 ರೂಪಾಯಿಯಿಂದ 26 ರೂಪಾಯಿ ಸಮೀಪಕ್ಕೆ ಬಂತು.

1966ರ ಲೆಕ್ಕ ಇಂದಿಗೂ ಓದುಗರನ್ನು ಗೊಂದಲಕ್ಕೆ ಕೆಡವುತ್ತದೆ. ಕೆಲವು ಪುಸ್ತಕಗಳಲ್ಲಿ ಶೇ 36.5 ಎಂದಿರುತ್ತದೆ, ಕೆಲವೆಡೆ ಶೇ 57.5 ಎಂದಿರುತ್ತದೆ. ಎರಡೂ ಸರಿಯೇ. ರೂಪಾಯಿಯ ಕಡೆಯಿಂದ ನೋಡಿದರೆ ಅದರ ಡಾಲರ್ ಮೌಲ್ಯ ಶೇ 36.5ರಷ್ಟು ಇಳಿಯಿತು. ಡಾಲರ್‌ನ ಕಡೆಯಿಂದ ನೋಡಿದರೆ ಅದರ ರೂಪಾಯಿ ಬೆಲೆ ಶೇ 57.5ರಷ್ಟು ಏರಿತು. ಇಳಿಕೆ ಮತ್ತು ಏರಿಕೆಯ ಶೇಕಡಾವಾರು ಎಂದೂ ಒಂದೇ ಆಗಿರುವುದಿಲ್ಲ. 100 ರೂಪಾಯಿಯ ಸರಕು ಶೇ 50ರಷ್ಟು ಇಳಿದು 50 ರೂಪಾಯಿಯಾದರೆ, ಮತ್ತೆ ನೂರಕ್ಕೆ ಬರಲು ಶೇ 100ರಷ್ಟು ಏರಬೇಕು.

1993ರ ಮಾರ್ಚ್‌ನಿಂದ ರೂಪಾಯಿಯ ದರ ಮಾರುಕಟ್ಟೆಯಲ್ಲಿ ನಿರ್ಧಾರವಾಗುತ್ತಿದೆ. ರಿಸರ್ವ್ ಬ್ಯಾಂಕ್ ಡಾಲರ್ ಕೊಂಡು, ಮಾರಿ ಏರಿಳಿತವನ್ನು ಹದಗೊಳಿಸಬಹುದೇ ಹೊರತು ಮೊದಲಿನಂತೆ ದರವನ್ನು ಘೋಷಿಸುವುದಿಲ್ಲ. ಆದ್ದರಿಂದ 2013ರ ಮೇ ತಿಂಗಳಲ್ಲಿ 55ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ ಕೊನೆಗೆ 68 ರೂಪಾಯಿ ದಾಟಿದ್ದು, 2022ರಲ್ಲಿ 80ರ ಗಡಿ ಮೀರಿದ್ದು ಅಪಮೌಲ್ಯವಲ್ಲ, ಮೌಲ್ಯದ ಇಳಿಕೆ. ಸುದ್ದಿಗಳು ಈ ಎರಡನ್ನೂ ಒಂದೇ ಪದದಲ್ಲಿ ಕರೆದಾಗ, ಮಾಡದ ನಿರ್ಧಾರವೊಂದನ್ನು ಸರ್ಕಾರ ಮಾಡಿತೆಂಬ ಅರ್ಥ ಬರುತ್ತದೆ. ಸರ್ಕಾರದ ನೀತಿಗಳು ಇಳಿಕೆಗೆ ಕಾರಣವಾಗಿರಬಹುದು. ಅದು ಬೇರೆ ವಾದ, ಅದಕ್ಕೆ ಬೇರೆ ಪುರಾವೆ ಬೇಕು.

ಈ ಇಳಿಕೆ ತೊಗರಿಯ ಕಣಜಕ್ಕೂ ಮುಟ್ಟುತ್ತದೆ. ಒಂದು ಟನ್‌ಗೆ 1,000 ಡಾಲರ್ ಬೆಲೆಯ ಆಮದು ತೊಗರಿ ಎಂದಿಟ್ಟುಕೊಂಡರೆ, ಡಾಲರ್ 55 ರೂಪಾಯಿ ಇದ್ದಾಗ ಅದು ಕ್ವಿಂಟಲ್‌ಗೆ 5,500 ರೂಪಾಯಿ. ಡಾಲರ್ 68 ಆದಾಗ 6,800 ರೂಪಾಯಿ. ರೂಪಾಯಿ ಇಳಿದಾಗ ಆಮದು ತೊಗರಿ ತುಟ್ಟಿಯಾಗುತ್ತದೆ, ಸ್ಥಳೀಯ ಬೆಳೆಗಾರನಿಗೆ ಅಷ್ಟರಮಟ್ಟಿಗೆ ಆಸರೆ ಸಿಗುತ್ತದೆ. ಬೇಳೆ ಕೊಳ್ಳುವ ಬಡಾವಣೆಯ ಮನೆಗೆ ಅದೇ ಹೊರೆ. ಒಬ್ಬರ ಇಳಿಕೆ ಇನ್ನೊಬ್ಬರ ಏರಿಕೆ.

ಅಂಕಿ ಇಳಿದರೂ ಬೆಲೆ ಇಳಿಯದ ಕಾಲ

ಅಂಕಿ ಕಡಿಮೆಯಾದ ಮಾತ್ರಕ್ಕೆ ಮೌಲ್ಯ ಕಡಿಮೆಯಾಯಿತು ಎನ್ನಲಾಗದು ಎಂಬುದಕ್ಕೆ ಕಲಬುರಗಿಯ ಇತಿಹಾಸದಲ್ಲೇ ಸಾಕ್ಷಿಯಿದೆ. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಆದ ರೂಪಾಯಿ ಇತ್ತು. ಅದು ಹಾಲಿ ಸಿಕ್ಕಾ. ಬ್ರಿಟಿಷ್ ಭಾರತದ ರೂಪಾಯಿಯನ್ನು ಯಂತ್ರದಲ್ಲಿ ಒತ್ತಿದ್ದು ಎಂಬ ಅರ್ಥದಲ್ಲಿ ಕಲ್ದಾರ್ ಎನ್ನುತ್ತಿದ್ದರು. 7 ಹಾಲಿ ರೂಪಾಯಿಗೆ 6 ಕಲ್ದಾರ್ ರೂಪಾಯಿ ಎಂಬುದು ದರ. ಅಂದರೆ 100 ಕಲ್ದಾರ್ ರೂಪಾಯಿಗೆ 116 ಹಾಲಿ ರೂಪಾಯಿ, 10 ಆಣೆ, 8 ಪೈ. ಒಂದು ನಾಣ್ಯವನ್ನು ಇನ್ನೊಂದಕ್ಕೆ ಬದಲಿಸುವಾಗ ಕಳೆಯುವ ಮೊತ್ತಕ್ಕೆ ಹಳೆಯ ಕನ್ನಡ ಲೆಕ್ಕದಲ್ಲಿ ವಟ್ಟ ಎಂಬ ಪದವಿತ್ತು.

1948ರ ಸೆಪ್ಟೆಂಬರ್ 17ರ ನಂತರ ಹೈದರಾಬಾದ್ ಭಾರತದಲ್ಲಿ ಸೇರಿತು. ಹಾಲಿ ಸಿಕ್ಕಾ ಕೆಲಕಾಲ ಭಾರತದ ರೂಪಾಯಿಯ ಜೊತೆಗೇ ನಡೆದು, 1959ರಲ್ಲಿ ಚಲಾವಣೆಯಿಂದ ಪೂರ್ಣವಾಗಿ ಹೊರಬಿದ್ದಿತು. ಈ ದರದಂತೆ ತಿಂಗಳಿಗೆ 70 ಹಾಲಿ ರೂಪಾಯಿ ಸಂಬಳದ ನೌಕರನಿಗೆ ಭಾರತದ ರೂಪಾಯಿಯಲ್ಲಿ 60 ಬರಬೇಕು. ಕೈಗೆ ಬಂದ ಅಂಕಿ 10 ಕಡಿಮೆ. ಕೊಳ್ಳುವ ಶಕ್ತಿಯಲ್ಲಿ ಕಾಸಿನಷ್ಟೂ ಕಡಿಮೆಯಿಲ್ಲ. ಇದು ಇಳಿಕೆಯಲ್ಲ, ಪರಿವರ್ತನೆ. ಆದರೆ 70 ಹಾಲಿ ರೂಪಾಯಿ ಬಾಡಿಗೆಯನ್ನು ಯಾರಾದರೂ 70 ಭಾರತೀಯ ರೂಪಾಯಿ ಎಂದು ವಸೂಲು ಮಾಡಿದರೆ, ಅದು ಪರಿವರ್ತನೆಯ ಮರೆಯಲ್ಲಿ ನಡೆದ ಏರಿಕೆ. ಅಂಕಿ ಹಾಗೆಯೇ ಉಳಿದಿದ್ದರೂ ಬಾಡಿಗೆದಾರ ಆರನೇ ಒಂದು ಭಾಗ ಹೆಚ್ಚು ತೆತ್ತಂತಾಗುತ್ತದೆ.

ಇದಕ್ಕೆ ತದ್ವಿರುದ್ಧವಾದ ತಂತ್ರ ಇನ್ನೂ ಹಳೆಯದು. ಅಂಕಿಯನ್ನು ಹಾಗೆಯೇ ಉಳಿಸಿ ಒಳಗಿನ ಲೋಹವನ್ನು ತಗ್ಗಿಸುವುದು. ಇಂಗ್ಲಿಷ್‌ನಲ್ಲಿ ಇದಕ್ಕೆ ಡಿಬೇಸ್ ಎಂಬ ಕ್ರಿಯಾಪದವಿದೆ. 14ನೇ ಶತಮಾನದಲ್ಲಿ ಮುಹಮ್ಮದ್ ಬಿನ್ ತುಘಲಕ್ ಬೆಳ್ಳಿಯ ಬದಲು ತಾಮ್ರ, ಹಿತ್ತಾಳೆಯ ನಾಣ್ಯಗಳನ್ನು ಅದೇ ಬೆಲೆಗೆ ನಡೆಸಲು ಹೋಗಿ, ಖೊಟ್ಟಿ ನಾಣ್ಯಗಳ ಹಾವಳಿಗೆ ಸಿಕ್ಕಿ ಅವನ್ನು ಹಿಂದಕ್ಕೆ ಪಡೆಯಬೇಕಾಯಿತು. ಅದೇ ತುಘಲಕನ ವಿರುದ್ಧ ದಖ್ಖನ್ನಿನಲ್ಲಿ ಎದ್ದ ಬಂಡಾಯದಿಂದ 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು. ಕಲಬುರಗಿ ಅದರ ರಾಜಧಾನಿಯಾಯಿತು. ಸ್ಪೇನ್‌ನಲ್ಲೂ 17ನೇ ಶತಮಾನದ ಆರಂಭದಲ್ಲಿ ತಾಮ್ರದ ನಾಣ್ಯಗಳನ್ನು ಹೀಗೆಯೇ ಹಗುರಗೊಳಿಸಲಾಗಿತ್ತು. ಪ್ರಜೆಗಳ ಒಪ್ಪಿಗೆಯಿಲ್ಲದೆ ನಾಣ್ಯ ಕೆಡಿಸುವುದು ಅವರ ಸೊತ್ತನ್ನು ಕಿತ್ತುಕೊಂಡಂತೆ ಎಂದು 1609ರಲ್ಲಿ ವಾದಿಸಿದ ಪಾದ್ರಿ ಹುವಾನ್ ದೆ ಮರಿಯಾನಾ ಬಂಧನಕ್ಕೊಳಗಾದರು. 'ಕೆಟ್ಟಿತು' ಎನ್ನದೆ 'ಕೆಡಿಸಿದರು' ಎಂದದ್ದೇ ಅವರ ಅಪರಾಧ.

ಅಮಾನ್ಯವೆಂದರೆ ಅಪಮೌಲ್ಯವಲ್ಲ

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿ ನೋಟುಗಳ ಚಲಾವಣೆ ರದ್ದಾದಾಗ ಕನ್ನಡ ಸುದ್ದಿಗಳಲ್ಲಿ ನೋಟು ರದ್ದು, ನೋಟು ನಿಷೇಧ, ಅಮಾನ್ಯೀಕರಣ ಎಂಬ ಪದಗಳ ಜೊತೆಗೆ 'ನೋಟು ಅಪಮೌಲ್ಯ' ಎಂಬುದೂ ಧಾರಾಳವಾಗಿ ಬಳಕೆಯಾಯಿತು. ಇದು ಸರಿಯಲ್ಲ. ಅಪಮೌಲ್ಯವಾಗಿದ್ದರೆ 500ರ ನೋಟಿಗೆ 400 ಸಿಗಬೇಕಿತ್ತು. ಬ್ಯಾಂಕಿನಲ್ಲಿ ಅವಧಿಯೊಳಗೆ ಜಮಾ ಮಾಡಿದವರಿಗೆ ಪೂರ್ತಿ 500 ರೂಪಾಯಿಯೇ ಲೆಕ್ಕಕ್ಕೆ ಸಿಕ್ಕಿತು. ಹೋದದ್ದು ಮೌಲ್ಯವಲ್ಲ, ಮಾನ್ಯತೆ. ಅಂದರೆ ಅಂಗಡಿಯಲ್ಲಿ ಕೊಟ್ಟು ಸರಕು ಕೊಳ್ಳುವ ಕಾನೂನುಬದ್ಧ ಅರ್ಹತೆ. ರದ್ದಾದ 15.41 ಲಕ್ಷ ಕೋಟಿ ರೂಪಾಯಿ ಮೊತ್ತದ ನೋಟುಗಳಲ್ಲಿ 15.31 ಲಕ್ಷ ಕೋಟಿ ರೂಪಾಯಿ ಮೊತ್ತದವು ಬ್ಯಾಂಕುಗಳಿಗೆ ಮರಳಿದವೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ವರದಿ ಮಾಡಿತು.

2023ರ ಮೇ 19ರಂದು 2,000 ರೂಪಾಯಿ ನೋಟಿನ ವಿಷಯದಲ್ಲಿ ಪದ ಮತ್ತೆ ಬದಲಾಯಿತು. ಅವನ್ನು ಚಲಾವಣೆಯಿಂದ ಹಿಂದಕ್ಕೆ ಪಡೆಯಲಾಗುತ್ತಿದೆ, ಆದರೆ ಕಾನೂನು ಮಾನ್ಯತೆ ಮುಂದುವರಿಯುತ್ತದೆ ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿತು. ಅಂದರೆ ಇದು ಹಿಂತೆಗೆತ, ಅಮಾನ್ಯವಲ್ಲ. 'ನೋಟು ಸತ್ತಿತು' ಎಂಬ ಮಾತಿಗೆ ಹೆದರಿ ಮನೆಯಲ್ಲಿದ್ದ ನೋಟನ್ನು ಮಧ್ಯವರ್ತಿಗೆ ಕಡಿಮೆ ಬೆಲೆಗೆ ಕೊಡುವವರಿಗೆ ಮಾತ್ರ ಅದು ನಿಜಕ್ಕೂ ಅಪಮೌಲ್ಯವಾಗುತ್ತದೆ. ಪದದ ತಪ್ಪು ದುಡ್ಡಿನ ನಷ್ಟವಾಗುವುದು ಹೀಗೆ.

ಸವಕಳಿಯ ಕೋಷ್ಟಕ

ಇಂಗ್ಲಿಷ್‌ನಲ್ಲಿ ರೂಪಾಯಿಯ ಮೌಲ್ಯ ಇಳಿಕೆಗೂ ಯಂತ್ರ ಹಳೆಯದಾಗುವುದಕ್ಕೂ ಡಿಪ್ರಿಸಿಯೇಶನ್ ಎಂಬ ಒಂದೇ ಪದ. ಕನ್ನಡ ಇಲ್ಲಿ ಹೆಚ್ಚು ಸ್ಪಷ್ಟ. ಸವೆ ಎಂಬ ಧಾತುವಿನಿಂದ ಬಂದ ಸವಕಳಿ ಎಂಬ ಪದ ಚಪ್ಪಲಿಗೂ ಸಲ್ಲುತ್ತದೆ, ಟ್ರ್ಯಾಕ್ಟರಿಗೂ ಸಲ್ಲುತ್ತದೆ. ಬಳಸಿದ್ದರಿಂದ, ಕಾಲ ಸರಿದದ್ದರಿಂದ ಆದ ಇಳಿಕೆ ಅದು.

ಆದರೆ ವಿಮೆ ಮತ್ತು ತೆರಿಗೆಯ ಲೆಕ್ಕದಲ್ಲಿ ಸವಕಳಿ ಎಂದರೆ ವಾಹನ ನಿಜಕ್ಕೂ ಎಷ್ಟು ಸವೆದಿದೆ ಎಂಬುದಲ್ಲ. ಕೋಷ್ಟಕ ಎಷ್ಟು ಸವೆಸಿದೆ ಎಂಬುದು. ಮೋಟಾರು ವಿಮೆಯ ವಾಡಿಕೆಯ ಕೋಷ್ಟಕದಂತೆ ವಾಹನಕ್ಕೆ 1 ವರ್ಷ ಮೀರಿ 2 ವರ್ಷದೊಳಗೆ ಶೇ 20, 3 ವರ್ಷದೊಳಗೆ ಶೇ 30, 4 ವರ್ಷದೊಳಗೆ ಶೇ 40, 5 ವರ್ಷದೊಳಗೆ ಶೇ 50 ಸವಕಳಿ ಕಳೆಯಲಾಗುತ್ತದೆ. 80,000 ರೂಪಾಯಿ ಬೆಲೆಯ ದ್ವಿಚಕ್ರ ವಾಹನ ನಾಲ್ಕನೇ ವರ್ಷದಲ್ಲಿ ಕಳವಾದರೆ ವಿಮಾ ಮೌಲ್ಯ 48,000 ರೂಪಾಯಿ. ಅಪಘಾತದಲ್ಲಿ ಭಾಗಗಳು ಹಾಳಾದರೆ ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೆ ಶೇ 50 ಕಡಿತ, ಗಾಜಿಗೆ ಕಡಿತವಿಲ್ಲ. ಮನೆಯ ಮುಂದೆ ಜೋಪಾನವಾಗಿ ನಿಲ್ಲಿಸಿದ ಬೈಕಿಗೂ, ದಿನವೂ ಕಮಲಾಪುರಕ್ಕೆ ಓಡಾಡಿದ ಬೈಕಿಗೂ ಲೆಕ್ಕ ಒಂದೇ. ಇಲ್ಲಿ ವಾದ ಮಾಡಬೇಕಾದದ್ದು ಗ್ಯಾರೇಜಿನಲ್ಲಲ್ಲ. ಪಾಲಿಸಿ ಕೊಳ್ಳುವಾಗಲೇ ಸವಕಳಿ ಕಡಿತವಿಲ್ಲದ ಹೆಚ್ಚುವರಿ ರಕ್ಷಣೆ ಬೇಕೇ ಎಂದು ತೀರ್ಮಾನಿಸಬೇಕು.

ತೊಗರಿ: ಬಿದ್ದದ್ದೂ ನಿಜ, ಕೆಡವಿದ್ದೂ ನಿಜ

ಇಳಿ ಮತ್ತು ಇಳಿಸು ಎರಡೂ ಒಂದೇ ಘಟನೆಯಲ್ಲಿ ಬೆರೆತದ್ದಕ್ಕೆ 2016-17ರ ತೊಗರಿ ಹಂಗಾಮು ಉತ್ತಮ ನಿದರ್ಶನ. 2015ರಲ್ಲಿ ತೊಗರಿ ಬೇಳೆಯ ಚಿಲ್ಲರೆ ಬೆಲೆ ಕೆ.ಜಿ.ಗೆ 200 ರೂಪಾಯಿಯ ಆಸುಪಾಸಿಗೆ ಹೋಗಿತ್ತು. ಆ ಬೆಲೆ ನೋಡಿ ರೈತರು ಹೆಚ್ಚು ಬಿತ್ತಿದರು, ಮಳೆಯೂ ಕೈಕೊಡಲಿಲ್ಲ. ದೇಶದ ಉತ್ಪಾದನೆ 2015-16ರ 25.6 ಲಕ್ಷ ಟನ್‌ನಿಂದ 2016-17ರಲ್ಲಿ 48.7 ಲಕ್ಷ ಟನ್‌ಗೆ ಜಿಗಿಯಿತು. ಇಷ್ಟು ಸರಕು ಒಮ್ಮೆಲೇ ಬಂದಾಗ ಬೆಲೆ ಇಳಿಯುವುದು ಸಹಜ. ಇದು 'ಬಿದ್ದದ' ಎಂಬ ಭಾಗ.

ಇನ್ನೊಂದು ಭಾಗವೂ ಇದೆ. ಬೆಲೆ ಏರಿದಾಗ 2015ರ ಅಕ್ಟೋಬರ್‌ನಲ್ಲಿ ದಾಸ್ತಾನು ಮಿತಿಯನ್ನು ಬಿಗಿಗೊಳಿಸಲಾಯಿತು. 2016ರ ಜುಲೈನಲ್ಲಿ ಮೊಜಾಂಬಿಕ್‌ನಿಂದ ಬೇಳೆಕಾಳು ತರಿಸುವ ದೀರ್ಘಾವಧಿ ಒಪ್ಪಂದವಾಯಿತು. 2006ರಿಂದ ಜಾರಿಯಲ್ಲಿದ್ದ ರಫ್ತು ನಿಷೇಧ ತೊಗರಿಗೆ ತೆರವಾದದ್ದು 2017ರ ಸೆಪ್ಟೆಂಬರ್‌ನಲ್ಲಿ. ಆಮದಿಗೆ ಮಿತಿ ಬಂದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಸುಗ್ಗಿ ಮುಗಿದು ಬಹಳ ತಿಂಗಳಾಗಿತ್ತು. ಗ್ರಾಹಕನಿಗೆ ಬೇಳೆ ಅಗ್ಗವಾಗಲಿ ಎಂದು ಕೈಗೊಂಡ ಕ್ರಮಗಳು ಉತ್ಪಾದನೆ ದುಪ್ಪಟ್ಟಾದಾಗಲೂ ಮುಂದುವರಿದವು. ಇದು 'ಕೆಡವ್ಯಾರ' ಎಂಬ ಭಾಗ. ಆಗ ಕೇಂದ್ರದ ಬೆಂಬಲ ಬೆಲೆ 425 ರೂಪಾಯಿ ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಇತ್ತು. ಕರ್ನಾಟಕ ಸರ್ಕಾರ ತನ್ನ 450 ರೂಪಾಯಿ ಸೇರಿಸಿ 5,500ಕ್ಕೆ ಖರೀದಿಸಿತು. ಮುಕ್ತ ಮಾರುಕಟ್ಟೆಯ ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿದದ್ದರಿಂದ ಖರೀದಿ ಕೇಂದ್ರಗಳ ಮುಂದೆ ಸಾಲು ಬೆಳೆಯಿತು.

'ತೊಗರಿ ದರ ಕುಸಿತ' ಎಂಬ ಮೂರು ಪದಗಳ ಶೀರ್ಷಿಕೆಯಲ್ಲಿ ಮಳೆಯೂ ಇಲ್ಲ, ಬಿತ್ತನೆಯೂ ಇಲ್ಲ, ಆಮದು ನೀತಿಯೂ ಇಲ್ಲ. ಇಳುವರಿ ಹೆಚ್ಚಿ ಬೆಲೆ ಇಳಿದಿದ್ದರೆ ಪರಿಹಾರ ಗೋದಾಮು, ಅಡಮಾನ ಸಾಲ ಮತ್ತು ಬೆಂಬಲ ಬೆಲೆಯ ಖರೀದಿ. ನೀತಿಯಿಂದ ಇಳಿದಿದ್ದರೆ ಕೇಳಬೇಕಾದದ್ದು ದೆಹಲಿಯನ್ನು. 2025-26ರ ಹಂಗಾಮಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿಗೆ ಏರಿದೆ. ಆದರೆ ಬೆಂಬಲ ಬೆಲೆ ಎಂಬುದು ಖರೀದಿ ಕೇಂದ್ರ ತೆರೆದಾಗ ಮಾತ್ರ ಬೆಲೆ. ಇಲ್ಲದಿದ್ದರೆ ಅದು ಬರೀ ಅಂಕಿ.

ತೂಕದ ಇಳಿಕೆಯದ್ದು ಇನ್ನೊಂದು ಲೆಕ್ಕ. ಬೆಂಬಲ ಬೆಲೆ ಖರೀದಿಯಲ್ಲಿ ತೊಗರಿಯ ತೇವಾಂಶ ಶೇ 12 ಮೀರುವಂತಿಲ್ಲ. ಶೇ 14 ತೇವಾಂಶವಿರುವ 100 ಕೆ.ಜಿ. ತೊಗರಿಯಲ್ಲಿ ಒಣ ಅಂಶ 86 ಕೆ.ಜಿ. ಅದನ್ನು ಶೇ 12ಕ್ಕೆ ಒಣಗಿಸಿದರೆ ಉಳಿಯುವುದು 98 ಕೆ.ಜಿ. ಅಲ್ಲ, ಸುಮಾರು 97.7 ಕೆ.ಜಿ. ಇಷ್ಟು ಇಳಿಕೆ ಬಿಸಿಲಿನದು, ಸ್ಪ್ಯಾನಿಷ್‌ನ 'ಮೆರ್ಮಾರ್' ಹೇಳುವುದು ಇದನ್ನೇ. ಇದಕ್ಕಿಂತ ಹೆಚ್ಚು ತೂಕ ಚೀಟಿಯಲ್ಲಿ ಕಡಿಮೆ ಬಿದ್ದರೆ ಅದು ಇಳಿದದ್ದಲ್ಲ, ಇಳಿಸಿದ್ದು. ಕೇಳುವ ಹಕ್ಕು ರೈತನಿಗಿದೆ.

ಕಮಲಾಪುರದ ಕೆಂಪು ಬಾಳೆ

ಕಲಬುರಗಿಯಿಂದ ಹುಮನಾಬಾದ್ ಮಾರ್ಗದಲ್ಲಿರುವ ಕಮಲಾಪುರ ಈಗ ತಾಲೂಕು ಕೇಂದ್ರ. ಅಲ್ಲಿನ ಕೆಂಪು ಬಾಳೆ ಮಾಮೂಲಿ ಬಾಳೆಗಿಂತ ತುಟ್ಟಿ. ಶ್ರೀಮಂತರ ಹಣ್ಣೆಂಬ ಹೆಸರೂ ಅದಕ್ಕಿದೆ. ಬೆಳೆ ಕೈಗೆ ಬರಲು ಒಂದೂವರೆ ವರ್ಷದಷ್ಟು ಕಾಲ ಬೇಕಾಗುವುದೂ, ಬೆಳೆಯುವ ಪ್ರದೇಶ ಸೀಮಿತವಾಗಿರುವುದೂ ಇದಕ್ಕೆ ಕಾರಣ. ಈ ಹಣ್ಣಿನಲ್ಲಿ ಮೌಲ್ಯ ಕಳೆಯುವ ಮೂರು ಬಗೆಯೂ ಒಟ್ಟಿಗೆ ಕಾಣುತ್ತವೆ. ಮಾಗಿದ ಹಣ್ಣು ದಿನ ಕಳೆದಂತೆ ನೀರಿನಂಶ ಆರಿ ತೂಕ ಇಳಿಯುತ್ತದೆ. ಇದು ಪ್ರಕೃತಿಯ ಕೆಲಸ. ಕೆಡುವ ಭಯದಿಂದ ಸಂಜೆ ವೇಳೆಗೆ ಸಿಕ್ಕಿದ ಬೆಲೆಗೆ ಕೊಡಬೇಕಾಗುತ್ತದೆ. ಇದು ಮಾರುಕಟ್ಟೆಯ ಒತ್ತಡ. ಬೇರೆ ಊರಿನ ಕೆಂಪು ಬಾಳೆಯನ್ನು ಕಮಲಾಪುರದ್ದೆಂದು ಮಾರಿದರೆ ಹೆಸರಿನ ಬೆಲೆಯೇ ಕೆಡುತ್ತದೆ. ಇದು ಮನುಷ್ಯರ ಕೃತ್ಯ.

ಕಾನೂನಿನ ಆಸರೆ ಇರುವುದು ಈ ಮೂರನೆಯದಕ್ಕೆ. ಕಮಲಾಪುರದ ಕೆಂಪು ಬಾಳೆಗೂ, 2019ರಲ್ಲಿ ಕಲಬುರಗಿ ಸೀಮೆಯ ತೊಗರಿ ಬೇಳೆಗೂ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. 1999ರ ಕಾಯ್ದೆಯಡಿ ಸಿಗುವ ಈ ಮಾನ್ಯತೆ ಬೆಲೆಯನ್ನು ಏರಿಸುವ ಭರವಸೆ ನೀಡುವುದಿಲ್ಲ; ಆ ಹೆಸರನ್ನು ಅನ್ಯರು ಬಳಸಿ ಬೆಲೆ ಕೆಡಿಸದಂತೆ ತಡೆಯುವ ಹಕ್ಕನ್ನಷ್ಟೇ ನೀಡುತ್ತದೆ. ಬಿಸಿಲಿನ ಮೇಲೆ ದಾವೆ ಹೂಡಲಾಗದು, ಕಳ್ಳ ಹೆಸರಿನ ಮೇಲೆ ಹೂಡಬಹುದು.

ಉಬ್ಬುವ ಪದ, ಕರಗುವ ಹಣ

ಈ ಸಾಲಿನಲ್ಲಿ ಹೆಚ್ಚು ಕಾಣದ ಇಳಿಕೆ ಹಣದುಬ್ಬರದ್ದು. ಪದವೇ ಏರಿಕೆಯ ಚಿತ್ರ ಕೊಡುವುದರಿಂದ ಇಳಿಯುತ್ತಿರುವುದು ಕಿಸೆಯಲ್ಲಿರುವ ಹಣದ ಶಕ್ತಿ ಎಂಬುದು ಮರೆಯಾಗುತ್ತದೆ. 2016ರಿಂದ ರಿಸರ್ವ್ ಬ್ಯಾಂಕಿಗೆ ನೀಡಿರುವ ಗುರಿ ಶೇ 4; ಹೆಚ್ಚೆಂದರೆ ಶೇ 6, ಕಡಿಮೆಯೆಂದರೆ ಶೇ 2. ಗುರಿಯಂತೆಯೇ ನಡೆದರೂ 100 ರೂಪಾಯಿಯ ಕೊಳ್ಳುವ ಶಕ್ತಿ ಸುಮಾರು 18 ವರ್ಷದಲ್ಲಿ ಅರ್ಧವಾಗುತ್ತದೆ. ಶೇ 6 ಆದರೆ 12 ವರ್ಷ ಸಾಕು. ಸರ್ಕಾರಿ ನೌಕರರಿಗೆ ಸಿಗುವ ತುಟ್ಟಿಭತ್ಯೆ ಈ ಕರಗುವಿಕೆಗೆ ಕೊಡುವ ಪರಿಹಾರ. ಕೂಲಿಕಾರನಿಗೆ, ಹಣ್ಣಿನ ಬಂಡಿಯವನಿಗೆ, ನಿಗದಿತ ಮೊತ್ತದ ಪಿಂಚಣಿದಾರನಿಗೆ ಅದಿಲ್ಲ. ಅವರ ಅಂಕಿಯನ್ನು ಯಾರೂ ಇಳಿಸುವುದಿಲ್ಲ, ಮೌಲ್ಯ ಮಾತ್ರ ಇಳಿಯುತ್ತಲೇ ಇರುತ್ತದೆ.

ಆದ್ದರಿಂದ ಬೆಲೆ ಇಳಿಕೆಯ ಸುದ್ದಿ ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಇಳಿದದ್ದು ಅಂಕಿಯೋ, ಮೌಲ್ಯವೋ, ಮಾನ್ಯತೆಯೋ? ಯಾವುದಕ್ಕೆ ಹೋಲಿಸಿದಾಗ ಇಳಿದಿದೆ? ಇಳಿಯಿತೋ, ಇಳಿಸಲಾಯಿತೋ? ಮೂರನೆಯ ಪ್ರಶ್ನೆಗೆ 'ಇಳಿಸಲಾಯಿತು' ಎಂಬ ಉತ್ತರ ಬಂದರೆ ಅಲ್ಲಿಗೂ ಮುಗಿಯಲಿಲ್ಲ. 'ಲಾಯಿತು' ಎಂಬ ಕರ್ಮಣಿ ರೂಪವೂ ಕರ್ತೃವನ್ನು ಮುಚ್ಚುವ ಇನ್ನೊಂದು ಪರದೆ. ಅದರ ಹಿಂದಿರುವವರ ಹೆಸರು ಬರೆಯುವುದು ಸುದ್ದಿಯ ಕೆಲಸ, ಕೇಳುವುದು ಓದುಗರ ಹಕ್ಕು.